ಇದ್ದುದರಲ್ಲಿ ನೆಮ್ಮದಿ: ಮಿತವ್ಯಯದ ಸಂಸಾರ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಕುಟುಂಬ ಸಮ್ಮೇಳನದಲ್ಲಿ ಮಾಡಿದ ಉಪನ್ಯಾಸ)



ನಮ್ಮ ದೇವಾಲಯಕ್ಕೆ ನೂರು ತುಂಬಿದ ಈ ಸಂಭ್ರಮದ ದಿನಗಳಲ್ಲಿ ಮಿತವ್ಯಯವನ್ನು ಕುರಿತು ಮಾತನಾಡುವುದು ಸಮಯೋಚಿತವೇ ಎಂದು ಕೆಲವರಿಗೆ ಅನ್ನಿಸಬಹುದು. ತೋರಣ ಕಟ್ಟಿದ ಚಪ್ಪರದ ಕೆಳಗೆ ನಿಂತು ಖರ್ಚಿನ ಲೆಕ್ಕ ಹೇಳುವವರನ್ನು ಯಾರೂ ಮೆಚ್ಚುವುದಿಲ್ಲ. ಆದರೂ ಈ ವಿಷಯವನ್ನು ಸಂತೋಷದಿಂದಲೇ ಒಪ್ಪಿಕೊಂಡಿದ್ದೇನೆ. ನಮ್ಮ ನಾಡಿನ ಹಳೆಯ ದೇವಾಲಯಗಳ ಗೋಡೆಗಳು ಮೇಲೇರಿದ್ದು ದೊಡ್ಡ ದಾನಿಗಳ ಕೊಡುಗೆಯ ಜೊತೆಗೆ ಕೂಲಿನಾಲಿ ಮಾಡಿದವರು ತಮ್ಮ ತುತ್ತಿನಲ್ಲಿ ಉಳಿಸಿ ತಂದ ಕಾಸಿನಿಂದ. ಉಳಿಸಲು ಬಲ್ಲವರು ಇದ್ದುದರಿಂದಲೇ ಕೊಡಲು ಬಲ್ಲವರು ಇದ್ದರು. ಆದ್ದರಿಂದ ಹಬ್ಬದ ದಿನ ಮಿತವ್ಯಯವನ್ನು ನೆನೆಯುವುದು ಅಪಶಕುನವಲ್ಲ, ಋಣಸಂದಾಯ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ತೃಪ್ತಿಯ ಉಪದೇಶ ಬಹಳ ಸುಲಭವಾಗಿ ದುರುಪಯೋಗವಾಗುವ ಉಪದೇಶ. ಹೊಟ್ಟೆ ತುಂಬಿದವರು ಹಸಿದವರಿಗೆ ತೃಪ್ತಿಯನ್ನು ಬೋಧಿಸಿದರೆ ಅದು ಅಧರ್ಮವೇ ಸರಿ. ಜಗದ್ಗುರು ಹದಿಮೂರನೆಯ ಲಿಯೋ ಅವರು ೧೮೯೧ರಲ್ಲಿ ಕಾರ್ಮಿಕರ ಸ್ಥಿತಿಗತಿಯನ್ನು ಕುರಿತು 'ರೇರುಂ ನೊವಾರುಂ' ಎಂಬ ವಿಶ್ವಪರಿಪತ್ರವನ್ನು ಹೊರಡಿಸಿದಾಗ ಈ ವಿಷಯದಲ್ಲಿ ಸರಿಯಾದ ಕ್ರಮವನ್ನು ತೋರಿಸಿಕೊಟ್ಟರು. ದುಡಿಯುವವನಿಗೆ ತಾನೂ ತನ್ನ ಹೆಂಡತಿ ಮಕ್ಕಳೂ ನೆಮ್ಮದಿಯಾಗಿ ಬದುಕುವಷ್ಟು ಕೂಲಿ ದೊರೆಯಬೇಕು; ದೊರೆತರೆ ವಿವೇಕಿಯಾದವನು ಮಿತವ್ಯಯದಿಂದ ಅಷ್ಟಿಷ್ಟು ಉಳಿಸಿ ಒಂದು ಚಿಕ್ಕ ಆಸ್ತಿಯನ್ನು ಮಾಡಿಕೊಳ್ಳಬಲ್ಲನು ಎಂಬುದು ಅವರ ವಾದದ ಸಾರ. ಗಮನಿಸಿ: ಮೊದಲು ನ್ಯಾಯವಾದ ಕೂಲಿ, ಆಮೇಲೆ ಮಿತವ್ಯಯ. ಮನೆಗೆಲಸದವಳಿಗೆ ಸಲ್ಲಬೇಕಾದ ಸಂಬಳವನ್ನು ಕಡಿತ ಮಾಡಿ ಮನೆಖರ್ಚು ಉಳಿಸಿದೆನೆಂದು ಹೆಮ್ಮೆಪಡುವವರು ಮಿತವ್ಯಯಿಗಳಲ್ಲ. ಅವರು ಉಳಿಸಿದ್ದು ಇನ್ನೊಬ್ಬರ ಹಣವನ್ನು.

ಹಾಗಾದರೆ ಮಿತವ್ಯಯವೆಂದರೇನು? ಬಡತನ ಹೊರಗಿನಿಂದ ಬಂದು ನಮ್ಮ ಮೇಲೆ ಬೀಳುವ ಹೊರೆ. ಜಿಪುಣತನ ಒಳಗಿನಿಂದ ನಮ್ಮನ್ನು ತಿನ್ನುವ ರೋಗ. ಮಿತವ್ಯಯ ಇವೆರಡೂ ಅಲ್ಲ. ಅದು ತಿಳಿದು ಮಾಡಿಕೊಂಡ ಒಂದು ಏರ್ಪಾಡು. ಯಾವುದು ಬೇಕು, ಯಾವುದು ಬೇಡ, ಯಾವುದು ನಾಳೆಗೆ, ಯಾವುದು ನೆರೆಯವನಿಗೆ ಎಂಬ ವಿವೇಚನೆ ಅದರ ಜೀವಾಳ. ಜಿಪುಣನ ಮನೆಯಲ್ಲಿ ಹಣವಿರುತ್ತದೆ, ನಗುವಿರುವುದಿಲ್ಲ. ಅತಿಥಿ ಬಂದರೆ ಅವನ ಮುಖ ಬಾಡುತ್ತದೆ. ಮಿತವ್ಯಯಿಯ ಮನೆಯಲ್ಲಿ ಅತಿಥಿಗೊಂದು ಮಣೆ ಯಾವಾಗಲೂ ಇರುತ್ತದೆ. ಈ ಎರಡು ಮನೆಗಳನ್ನು ಬೇರ್ಪಡಿಸಿ ನೋಡಲು ಬಾಗಿಲಲ್ಲಿ ನಿಂತರೆ ಸಾಕು, ಲೆಕ್ಕದ ಪುಸ್ತಕವನ್ನು ತೆರೆಯಬೇಕಾಗಿಲ್ಲ.

ಮಿತವ್ಯಯದ ಪಾಠಶಾಲೆ ನಮ್ಮ ಅಡಿಗೆಮನೆ. ಹಳೆಯ ಮೈಸೂರು ಸೀಮೆಯ ಬಸ್ಸಾರನ್ನೇ ತೆಗೆದುಕೊಳ್ಳಿ. ಸೊಪ್ಪನ್ನೂ ಕಾಳನ್ನೂ ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ ಬೇಯಿಸುತ್ತೇವೆ. ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಒಲೆ, ಎರಡು ಅಡಿಗೆ, ಚೆಲ್ಲುವುದು ಏನೂ ಇಲ್ಲ. ಬೇಯಿಸಿದ ನೀರಿನಲ್ಲಿ ಸೊಪ್ಪಿನ ಸತ್ತ್ವದ ಒಂದು ಪಾಲು ಇಳಿದಿರುತ್ತದೆಂದು ಆಹಾರಶಾಸ್ತ್ರಜ್ಞರು ಇಂದು ಹೇಳುತ್ತಾರೆ. ಪಾಠ ಓದದ ನಮ್ಮ ಅಜ್ಜಿಯರು ಆ ನೀರನ್ನು ಒಂದು ದಿನವೂ ಚೆಲ್ಲಲಿಲ್ಲ. ಅನ್ನ ಬಸಿದ ಗಂಜಿಯ ಕಥೆಯೂ ಅದೇ: ಅರ್ಧ ಉಪ್ಪು ಹಾಕಿಕೊಂಡು ಕುಡಿಯುವುದಕ್ಕೆ, ಅರ್ಧ ಹತ್ತಿಯ ಸೀರೆಗೆ. ಉತ್ತರ ಕರ್ನಾಟಕದ ತಾಯಂದಿರು ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದು ಕೌದಿ ಮಾಡುತ್ತಾರೆ. ಅಜ್ಜಿಯ ಸೀರೆ, ಅಮ್ಮನ ಸೀರೆ ಒಂದಾಗಿ ಮೊಮ್ಮಗುವನ್ನು ಬೆಚ್ಚಗಿಡುತ್ತವೆ. ಅಂಗಡಿಯಿಂದ ತಂದ ಕಂಬಳಿ ಬೆಚ್ಚಗಿರಬಹುದು. ಈ ವಾತ್ಸಲ್ಯ ಅದರಲ್ಲಿ ಎಲ್ಲಿಂದ ಬರಬೇಕು?

ರಾಗಿಯನ್ನು ಬಡವರ ಧಾನ್ಯವೆಂದು ಹೀಗಳೆದ ಕಾಲವೊಂದಿತ್ತು. ಸ್ವಲ್ಪ ಅನುಕೂಲ ಬಂದೊಡನೆ ಮುದ್ದೆಯನ್ನು ಬಿಟ್ಟು ಬಿಳಿಯ ಅನ್ನಕ್ಕೆ ಬಂದ ಸಂಸಾರಗಳೆಷ್ಟೋ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ಅಷ್ಟೇ ಹಾಲಿನಲ್ಲಿ ಇರುವುದರ ಎರಡರಷ್ಟಕ್ಕಿಂತ ಹೆಚ್ಚು. ವಿಶ್ವಸಂಸ್ಥೆಯು ೨೦೨೩ನೆಯ ವರ್ಷವನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಅದೇ ರಾಗಿ ಬಣ್ಣದ ಪೊಟ್ಟಣವೇರಿ ದೊಡ್ಡ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಕುಳಿತಿದೆ. ನಾವು ನಾಚಿಕೆಯಿಂದ ಬಿಟ್ಟದ್ದನ್ನು ಹೆಮ್ಮೆಯಿಂದ ಕೊಳ್ಳುತ್ತಿದ್ದೇವೆ. ಇದರಲ್ಲಿ ಒಂದು ಪಾಠವಿದೆ: ಸರಳವಾದುದೆಲ್ಲ ಕೀಳೆಂದು ತಿಳಿದವರು ಕೊನೆಗೆ ಅದಕ್ಕೇ ಹೆಚ್ಚು ಬೆಲೆ ತೆರಬೇಕಾಗುತ್ತದೆ.

ಇನ್ನು ಚೆಲ್ಲುವ ಮಾತು. ವಿಶ್ವಸಂಸ್ಥೆಯ ಪರಿಸರ ವಿಭಾಗವು ೨೦೨೪ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸಿಪ್ಪೆ ಬೀಜಗಳೂ ಸೇರಿದಂತೆ, ಭಾರತದ ಮನೆಗಳಲ್ಲಿ ಒಬ್ಬೊಬ್ಬರ ಲೆಕ್ಕಕ್ಕೆ ವರ್ಷಕ್ಕೆ ಸುಮಾರು ೫೫ ಕಿಲೋ ಆಹಾರ ಕಸಕ್ಕೆ ಸೇರುತ್ತದೆಂದು ಅಂದಾಜು. ನಾಲ್ಕು ಜನರ ಸಂಸಾರಕ್ಕೆ ೨೨೦ ಕಿಲೋ ಆಯಿತು. ಇದರಲ್ಲಿ ಅರ್ಧ ಸಿಪ್ಪೆಯೇ ಎಂದುಕೊಂಡರೂ ಒಂದು ಕ್ವಿಂಟಲಿಗೆ ಮಿಗಿಲಾದ ಅನ್ನವನ್ನು ನಾವು ವರ್ಷಂಪ್ರತಿ ಹೊರಗೆ ಹಾಕಿದಂತಾಯಿತು. ಯೇಸುಸ್ವಾಮಿ ಐದು ಸಾವಿರ ಜನರಿಗೆ ಉಣಬಡಿಸಿದ ಪ್ರಸಂಗವನ್ನು ಸಂತ ಯೊವಾನ್ನರು ವರ್ಣಿಸುವಾಗ ಒಂದು ವಿವರವನ್ನು ಮರೆಯದೆ ಹೇಳುತ್ತಾರೆ. ಎಲ್ಲರೂ ತೃಪ್ತರಾದ ಮೇಲೆ ಸ್ವಾಮಿಯು ಶಿಷ್ಯರಿಂದ ಉಳಿದ ತುಂಡುಗಳನ್ನು ಕೂಡಿಸಿಡಿಸಿದರು. ಹನ್ನೆರಡು ಬುಟ್ಟಿಗಳು ತುಂಬಿದವು. ಕ್ಷಣದಲ್ಲಿ ರೊಟ್ಟಿಯನ್ನು ಹೆಚ್ಚಿಸಬಲ್ಲವರಿಗೆ ಚೂರುಗಳ ಚಿಂತೆ ಏಕೆ? ಸಮೃದ್ಧಿಯ ನಡುವೆಯೂ ಅನ್ನಕ್ಕೆ ಸಲ್ಲುವ ಗೌರವ ಸಲ್ಲಲೇಬೇಕೆಂದಲ್ಲವೇ?

ಈಗ ಸ್ವಲ್ಪ ಕಷ್ಟದ ಮಾತಿಗೆ ಬರುತ್ತೇನೆ. ಹಿಂದಿನ ಕಾಲದ ಮಿತವ್ಯಯವನ್ನು ಹೊಗಳುವಾಗ ನಾವು ಒಂದು ಪ್ರಶ್ನೆಯನ್ನು ಕೇಳುವುದಿಲ್ಲ: ಆ ಮಿತವ್ಯಯದ ಭಾರವನ್ನು ಹೊತ್ತವರು ಯಾರು? ಗಂಡಸರಿಗೆ ಮೊದಲು, ಮಕ್ಕಳಿಗೆ ಆಮೇಲೆ ಬಡಿಸಿ, ಪಾತ್ರೆಯ ತಳದಲ್ಲಿ ಮಿಕ್ಕದ್ದನ್ನು ತಾಯಿ ಉಣ್ಣುತ್ತಿದ್ದಳು. ಮಿಗದಿದ್ದರೆ ನೀರು ಕುಡಿದು, ಹಸಿವಿಲ್ಲವೆಂದು ಹೇಳಿ ಏಳುತ್ತಿದ್ದಳು. ಇದನ್ನು ತ್ಯಾಗವೆಂದು ಹಾಡಿದ್ದೇವೆ. ಹಾಡಿದ್ದು ಸಾಕು. ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ೧೫ರಿಂದ ೪೯ ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿರುವುದು ಕಂಡುಬಂದಿತು. ಇದಕ್ಕೆ ಕಾರಣಗಳು ಹಲವು ಇರಬಹುದು. ಆದರೆ ಕೊನೆಯಲ್ಲಿ ಉಣ್ಣುವವಳ ತಟ್ಟೆ ಆ ಕಾರಣಗಳಲ್ಲಿ ಒಂದಲ್ಲವೆಂದು ಯಾರು ಹೇಳಬಲ್ಲರು?

ಆದುದರಿಂದ ತಾಯಂದಿರ ಪರವಾಗಿ ಈ ಸಭೆಯ ಮುಂದೆ ಒಂದು ನಿಯಮವನ್ನು ಇಡುತ್ತೇನೆ. ರಾತ್ರಿಯ ಊಟಕ್ಕೆ ಮನೆಯವರೆಲ್ಲರೂ ಒಟ್ಟಿಗೆ ಕೂರಬೇಕು. ಪಾತ್ರೆಗಳು ನಡುವೆ ಇರಬೇಕು. ಇದ್ದುದು ಎಲ್ಲರ ಕಣ್ಣಿಗೂ ಕಾಣಬೇಕು. ಮೊಟ್ಟೆ ನಾಲ್ಕೇ ಇದ್ದು ಜನ ಐದಿದ್ದರೆ ಹಂಚುವುದು ಹೇಗೆಂಬುದನ್ನು ಮಕ್ಕಳೂ ನೋಡಿ ಕಲಿಯಲಿ. ಆಗ ಮಿತವ್ಯಯ ಒಬ್ಬಳ ಗುಟ್ಟಿನ ಉಪವಾಸವಾಗದೆ ಇಡೀ ಸಂಸಾರದ ವ್ರತವಾಗುತ್ತದೆ. ಊಟಕ್ಕೆ ಮುಂಚೆಯೂ ಆಮೇಲೂ ದೇವರಿಗೆ ಕೃತಜ್ಞತೆ ಸಲ್ಲಿಸುವ ಹಳೆಯ ಪದ್ಧತಿಗೆ ಮರಳಿರೆಂದು ಜಗದ್ಗುರು ಫ್ರಾನ್ಸಿಸ್ ಅವರು ೨೦೧೫ರ 'ಲಾವ್‌ದಾತೊ ಸೀ' ಎಂಬ ವಿಶ್ವಪರಿಪತ್ರದಲ್ಲಿ ಕೇಳಿಕೊಂಡರು. ಅನ್ನ ಬೆಳೆದವರ ಶ್ರಮವನ್ನೂ ಅನ್ನವಿಲ್ಲದವರನ್ನೂ ನೆನೆಯಲು ಆ ಅರೆನಿಮಿಷ ಸಾಲುತ್ತದೆಂದು ಅವರ ಆಶಯ. ನಾವು ಅದಕ್ಕೆ ಇನ್ನೊಂದನ್ನು ಸೇರಿಸೋಣ: ಅನ್ನ ಮಾಡಿದವಳು ಕುಳಿತಿದ್ದಾಳೆಯೇ ಎಂದು ನೋಡಿದ ಮೇಲೆ ಆ ಪ್ರಾರ್ಥನೆಯನ್ನು ಹೇಳೋಣ.

ಅಡಿಗೆಮನೆಯಲ್ಲಿ ಉಳಿಸಿದ್ದು ಬಹುತೇಕ ಸಂಸಾರಗಳಲ್ಲಿ ಎಲ್ಲಿಗೆ ಹೋಗುತ್ತದೆ? ಬಡ್ಡಿಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇಂದಿನ ಪೇಟೆ ಬಾಡಿಗೆಗೆ ಹಾಸಿಗೆ ಕೊಡುತ್ತೇನೆ, ಕಾಲು ಚಾಚು ಎನ್ನುತ್ತದೆ. ಒಂದು ಉದಾಹರಣೆ ನೋಡೋಣ. ೧೨,೦೦೦ ರೂಪಾಯಿಯ ಒಂದು ಸಾಮಾನನ್ನು ಶೇಕಡಾ ೧೨ರ ಬಡ್ಡಿಯಲ್ಲಿ ಒಂದು ವರ್ಷದ ಕಂತಿಗೆ ಕೊಂಡೆವೆನ್ನಿ. ಬಡ್ಡಿ ೧,೪೪೦ ರೂಪಾಯಿ. ತಿಂಗಳಿಗೆ ೧,೧೨೦ ರೂಪಾಯಿಯಂತೆ ಹನ್ನೆರಡು ಕಂತು. ಬಡ್ಡಿ ಹನ್ನೆರಡೇ ಎಂದು ಸಮಾಧಾನಪಡುತ್ತೇವೆ. ಆದರೆ ಮೊದಲ ತಿಂಗಳಿನಿಂದಲೇ ನಾವು ಅಸಲನ್ನು ತೀರಿಸುತ್ತಾ ಬರುತ್ತೇವೆ. ವರ್ಷದ ಕೊನೆಯಲ್ಲಿ ನಮ್ಮ ಬಳಿ ಉಳಿದಿರುವ ಅಸಲು ಸಾವಿರದ ಆಸುಪಾಸು. ಬಡ್ಡಿಯನ್ನು ಮಾತ್ರ ಪೂರ್ತಿ ಹನ್ನೆರಡು ಸಾವಿರದ ಮೇಲೆ ಕಟ್ಟುತ್ತಿರುತ್ತೇವೆ. ಸರಿಯಾಗಿ ಲೆಕ್ಕ ಹಾಕಿದರೆ ಆ ಬಡ್ಡಿ ಶೇಕಡಾ ೨೧ನ್ನು ದಾಟುತ್ತದೆ. ಈ ಲೆಕ್ಕವನ್ನು ಹತ್ತನೆಯ ತರಗತಿಯ ಮಕ್ಕಳಿಂದ ಮನೆಯಲ್ಲಿ ಮಾಡಿಸಿ ನೋಡಿ. ಅವರಿಗೆ ಗಣಿತವೂ ಬರುತ್ತದೆ, ಸಂಸಾರವೂ ತಿಳಿಯುತ್ತದೆ.

ಇದಕ್ಕಿಂತ ದೊಡ್ಡ ಬಲೆ ಶುಭಕಾರ್ಯದ ಸಾಲ. ಮದುವೆ, ಗೃಹಪ್ರವೇಶ, ಈಚೆಗೆ ಮಕ್ಕಳ ಪ್ರಥಮ ಪರಮಪ್ರಸಾದ ಕೂಡ ಊರಿಗೆ ಊಟ ಹಾಕಿಸುವ ಸಮಾರಂಭವಾಗಿದೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ೫೦,೦೦೦ ರೂಪಾಯಿ ಕೈಸಾಲ ತಂದ ಮನೆಯನ್ನು ನೆನೆಯಿರಿ. ತಿಂಗಳಿಗೆ ೧,೫೦೦ ರೂಪಾಯಿ ಬಡ್ಡಿ. ಎರಡು ವರ್ಷ ಹತ್ತು ತಿಂಗಳಲ್ಲಿ ಕಟ್ಟಿದ ಬಡ್ಡಿಯೇ ೫೧,೦೦೦ ಆಯಿತು. ಅಸಲು ಇಟ್ಟಲ್ಲೇ ಇದೆ. ಅದೇ ೧,೫೦೦ ರೂಪಾಯಿಯನ್ನು ಅಷ್ಟೇ ತಿಂಗಳು ಮುಂಚಿತವಾಗಿ ಕೂಡಿಟ್ಟಿದ್ದರೆ ಸಮಾರಂಭವೂ ನಡೆಯುತ್ತಿತ್ತು, ಕೈಯಲ್ಲಿ ಸಾವಿರ ರೂಪಾಯಿಯೂ ಉಳಿಯುತ್ತಿತ್ತು. ಖರ್ಚು ಮಾಡಿದ ಮೇಲೆ ಕಟ್ಟಬಲ್ಲ ಮನೆ, ಖರ್ಚಿಗೆ ಮುಂಚೆ ಉಳಿಸಲಾರದೆಂದು ಹೇಳುವುದು ಹೇಗೆ? ಕಾಯುವ ತಾಳ್ಮೆಯೊಂದೇ ಇಲ್ಲಿ ಬೇಕಾಗಿರುವ ಬಂಡವಾಳ.

ಸಾಲದ ನೋವು ಮನೆಯ ನಾಲ್ಕು ಗೋಡೆಗಳೊಳಗೆ ಉಳಿದಿಲ್ಲ. ಕಿರುಸಾಲದ ಕಂತಿಗಾಗಿ ಬಾಗಿಲ ಮುಂದೆ ನಿಂತು ಕಾಡಿಸುವವರ ಹಾವಳಿ ಎಷ್ಟಾಯಿತೆಂದರೆ, ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕ ಸರ್ಕಾರ ೨೦೨೫ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಕಾನೂನು ಬಾಗಿಲಲ್ಲಿ ನಿಂತವನನ್ನು ತಡೆಯಬಲ್ಲದು. ಸಾಲ ಮಾಡಿಯಾದರೂ ನೆರೆಯವರಿಗೆ ಸಮನಾಗಬೇಕೆಂಬ ಹಂಬಲವನ್ನು ತಡೆಯಲಾರದು. ಆ ಕೆಲಸ ನಮ್ಮದು. ಕಾಯಿಲೆಗೆಂದು, ಬೆಳೆ ಹೋಯಿತೆಂದು, ಮಗುವಿನ ಓದಿಗೆಂದು ಸಾಲ ಮಾಡಿದವರನ್ನು ಯಾರೂ ಹಳಿಯಬಾರದು. ಅವರ ಜೊತೆ ನಿಲ್ಲಬೇಕು. ಆದರೆ ಮಂಟಪದ ಹೂವಿಗೂ ಬಣ್ಣದ ದೀಪಕ್ಕೂ ಸಾಲ ಮಾಡಬೇಕಾಗಿಲ್ಲವೆಂದು ಹೇಳುವ ಧೈರ್ಯ ಬಂಧುಗಳಲ್ಲಿ ಒಬ್ಬರಿಗಾದರೂ ಇರಬೇಕು. ಧರ್ಮಸಭೆಯ ನಿಯಮದಂತೆ ವಿವಾಹ ಸಂಸ್ಕಾರಕ್ಕೆ ವಧೂವರರ ಒಪ್ಪಿಗೆ, ಅದನ್ನು ಸ್ವೀಕರಿಸುವ ಗುರುಗಳು, ಇಬ್ಬರು ಸಾಕ್ಷಿಗಳು ಬೇಕು. ಎಂಟುನೂರು ಎಲೆಯ ಊಟ ಬೇಕೆಂದು ಎಲ್ಲಿಯೂ ಬರೆದಿಲ್ಲ.

ಹಾಗೆಂದು ಹಬ್ಬದೂಟವೇ ಬೇಡವೆಂದು ನಾನು ಹೇಳುವುದಿಲ್ಲ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ತೀರಿಹೋದಾಗ ಯೇಸುಸ್ವಾಮಿ ಆ ಮನೆಯವರಿಗೆ ಮಿತವ್ಯಯದ ಉಪದೇಶ ಮಾಡಲಿಲ್ಲ. ಅವರ ಮಾನ ಉಳಿಸಿದರು. ಸಂತೋಷಕ್ಕೆ ಸ್ಥಾನವಿದೆ, ಔತಣಕ್ಕೂ ಸ್ಥಾನವಿದೆ. ಆದರೆ ಅಲ್ಲಿ ಬಳಸಿದ್ದು ಆ ಮನೆಯಲ್ಲೇ ಇದ್ದ ಆರು ಕಲ್ಲಿನ ಬಾನಿಗಳನ್ನೂ ನೀರನ್ನೂ ಎಂಬುದನ್ನು ಮರೆಯಬಾರದು. ಇದ್ದುದರಿಂದ ಆರಂಭಿಸಿದ ಸಂತೋಷಕ್ಕೆ ದೇವರು ತಾನೇ ರುಚಿ ಕೂಡಿಸುತ್ತಾನೆ.

ಒಬ್ಬೊಬ್ಬರೇ ಉಳಿಸುವುದು ಕಷ್ಟ, ಕೂಡಿ ಉಳಿಸುವುದು ಸುಲಭ. ನಮ್ಮ ನಾಡು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದೆ. ೧೯೦೫ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರ ಸಹಕಾರ ಸಂಘ ಹುಟ್ಟಿತು. ಮಂಗಳೂರಿನ ಕಥೋಲಿಕರು ೧೯೧೨ರಲ್ಲಿ ತಮ್ಮದೇ ಸಹಕಾರ ಸಂಘವನ್ನು ಕಟ್ಟಿದರು; ಅದು ಬ್ಯಾಂಕಾಗಿ ಬೆಳೆದು ಶತಮಾನವನ್ನು ದಾಟಿದೆ. ಇವುಗಳನ್ನು ಕಟ್ಟಿದವರು ಕುಬೇರರಲ್ಲ. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬ ಗಾದೆಯನ್ನು ನಂಬಿದವರು.

ಇನ್ನು ಸಂತೋಷದ ಮಾತು. ಖರ್ಚು ಕಡಿಮೆ ಮಾಡಿದರೆ ಮಕ್ಕಳ ಮುಖ ಬಾಡುತ್ತದೆಂದು ಎಷ್ಟೋ ತಂದೆತಾಯಿಯರ ಭಯ. ಮಕ್ಕಳು ನೆನಪಿನಲ್ಲಿಡುವುದು ಏನನ್ನು? ನಿಮ್ಮ ನಿಮ್ಮ ಬಾಲ್ಯವನ್ನೇ ಕೇಳಿನೋಡಿ. ಕ್ರಿಸ್ತಜಯಂತಿಗೆ ಎರಡು ವಾರ ಮುಂಚೆ ಹಳೆಯ ಡಬ್ಬಿಯ ಮುಚ್ಚಳಗಳಲ್ಲಿ ಮಣ್ಣು ಹಾಕಿ ಒಂದು ಹಿಡಿ ರಾಗಿ ಚೆಲ್ಲುತ್ತೇವೆ. ಮಕ್ಕಳು ದಿನವೂ ಬೆಳಿಗ್ಗೆ ಎದ್ದು ಮೊಳಕೆ ಎಷ್ಟು ಬಂತೆಂದು ನೋಡುತ್ತಾರೆ. ಹಬ್ಬದ ಹೊತ್ತಿಗೆ ಅದು ಗೋದಲಿಯ ಮುಂದಿನ ಹಸುರು ಹುಲ್ಲುಗಾವಲು. ಅಸ್ಸಿಸಿಯ ಸಂತ ಫ್ರಾನ್ಸಿಸರು ೧೨೨೩ರಲ್ಲಿ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಮೊದಲ ಗೋದಲಿಯನ್ನು ಏರ್ಪಡಿಸಿದಾಗ ಅಲ್ಲಿ ಇದ್ದುದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಎಂಟುನೂರು ವರ್ಷಗಳಾದರೂ ಜಗತ್ತು ಆ ರಾತ್ರಿಯನ್ನು ಮರೆತಿಲ್ಲ. ಅಗ್ಗದ ಸಾಮಗ್ರಿಯಿಂದ ಹುಟ್ಟಿದ ದೊಡ್ಡ ಸಂತೋಷಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಅದೇ ದಿನಗಳಲ್ಲಿ ಅವರೆಕಾಯಿಯ ಕಾಲ. ರಾತ್ರಿ ಜಪಸರ ಮುಗಿದ ಮೇಲೆ ಮೊರದ ಸುತ್ತ ಮನೆಯವರೆಲ್ಲ ಕುಳಿತು ಕಾಯಿ ಸುಲಿಯುವಾಗ ಬಾರದ ಮಾತು ಬರುತ್ತದೆ, ಹೇಳದ ಕಷ್ಟ ಹೇಳಿಯಾಗುತ್ತದೆ. ಮುನಿಸಿಕೊಂಡ ಅಣ್ಣತಮ್ಮಂದಿರ ಕೈಗಳು ಒಂದೇ ರಾಶಿಯಲ್ಲಿ ಸಂಧಿಸುತ್ತವೆ. ಕಲಕಲ ಮಾಡುವ ಸಂಜೆಯೂ ಹಾಗೆಯೇ. ಹಿಟ್ಟಿನ ಪುಟ್ಟ ಉಂಡೆಯನ್ನು ಮುಳ್ಳುಚಮಚದ ಬೆನ್ನಿನ ಮೇಲೆ ಒತ್ತಿ ಸುರುಳಿ ಮಾಡಲು ಅಜ್ಜಿಗೂ ಬರುತ್ತದೆ, ಆರು ವರ್ಷದ ಮೊಮ್ಮಗಳಿಗೂ ಬರುತ್ತದೆ. ಮೊಮ್ಮಗಳು ಮಾಡಿದ್ದು ಸೊಟ್ಟಗಿದ್ದರೂ ಎಣ್ಣೆಗೆ ಬಿದ್ದ ಮೇಲೆ ಅದೇ ಮೊದಲು ಖಾಲಿಯಾಗುತ್ತದೆ. ಕರಾವಳಿಯ ನಮ್ಮ ಬಂಧುಗಳು ಸೆಪ್ಟೆಂಬರ್ ೮ರಂದು ಮಾತೆ ಮರಿಯಮ್ಮನವರ ಜನ್ಮದಿನದಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ತಂದು, ಹೊಸ ಅಕ್ಕಿಯನ್ನು ಎಲ್ಲರೂ ಒಟ್ಟಾಗಿ ಸವಿಯುತ್ತಾರೆ. ಆ ಹಬ್ಬದೂಟ ಸಸ್ಯಾಹಾರದ್ದು. ಕೆಲವೇ ಕಾಳುಗಳು ಒಂದು ಸಂಸಾರವನ್ನು ಒಂದೇ ಸೂರಿನಡಿ ಸೇರಿಸಬಲ್ಲವು.

ಜಗದ್ಗುರು ಆರನೆಯ ಪೌಲರು ೧೯೬೪ರ ಜನವರಿಯಲ್ಲಿ ನಜರೇತಿಗೆ ಯಾತ್ರೆ ಹೋದಾಗ, ಪವಿತ್ರ ಕುಟುಂಬದ ಆ ಊರಿನಿಂದ ಮೂರು ಪಾಠಗಳನ್ನು ಹೊತ್ತು ತಂದರು: ಮೌನ, ಕುಟುಂಬ ಜೀವನ, ದುಡಿಮೆ. ಇಂದಿನ ನಮ್ಮ ಮನೆಗಳಲ್ಲಿ ಈ ಮೂರರಲ್ಲಿ ಹೆಚ್ಚು ದುರ್ಲಭವಾದುದು ಮೊದಲನೆಯದು. ಒಂದೇ ಕೋಣೆಯಲ್ಲಿ ನಾಲ್ಕು ಜನ, ನಾಲ್ಕು ಮೊಬೈಲು. ಸದ್ದು ಬಹಳ, ಮಾತು ಕಡಿಮೆ. ಆ ಪುಟ್ಟ ಪರದೆಯಲ್ಲಿ ದಿನಕ್ಕೆ ನೂರು ಸಲ ಇತರರ ಮನೆ, ಇತರರ ಪ್ರವಾಸ, ಇತರರ ಒಡವೆ ಕಾಣುತ್ತವೆ. ಹಿಂದೆ ನಮಗೆ ಒಬ್ಬ ನೆರೆಯವನ ಮೇಲೆ ಹೊಟ್ಟೆಕಿಚ್ಚಿತ್ತು. ಈಗ ಲೋಕಕ್ಕೆ ಲೋಕವೇ ನೆರೆಮನೆ. ವಾರಕ್ಕೊಂದು ಸಂಜೆ ಆ ಪರದೆಗಳನ್ನು ಪೆಟ್ಟಿಗೆಯಲ್ಲಿಟ್ಟು, ಜಗಲಿಯಲ್ಲಿ ಕುಳಿತು ಅಜ್ಜನ ಕಥೆ ಕೇಳುವುದಕ್ಕೆ ಯಾವ ಕಂತೂ ಕಟ್ಟಬೇಕಾಗಿಲ್ಲ. ಹಿತ್ತಲಿದ್ದವರು ಒಂದು ನುಗ್ಗೆ, ಒಂದು ಕರಿಬೇವು ಹಾಕಿ. ಇಲ್ಲದವರು ಕುಂಡದಲ್ಲಿ ಬಸಳೆ ಹಬ್ಬಿಸಿ. ಮಗು ನೀರೆರೆದ ಗಿಡದ ಸೊಪ್ಪು ಸಾರಿಗೆ ಬಂದ ದಿನ ಆ ಮಗು ಊಟಕ್ಕೆ ರಗಳೆ ಮಾಡುವುದಿಲ್ಲ.

ಕಡೆಯದಾಗಿ, ಉಳಿತಾಯ ಎಲ್ಲಿಗೆ ಸೇರಬೇಕು? ಪೆಟ್ಟಿಗೆಯಲ್ಲೇ ಉಳಿದರೆ ಅದು ಜಿಪುಣತನಕ್ಕೆ ದಾರಿ. ೧೯೬೫ರಲ್ಲಿ ಆಹಾರದ ಅಭಾವ ತಲೆದೋರಿದಾಗ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟವನ್ನು ಬಿಡಿರೆಂದು ಜನರನ್ನು ಕೇಳಿಕೊಂಡರು; ಲಕ್ಷಾಂತರ ಮನೆಗಳಲ್ಲಿ ಸೋಮವಾರದ ರಾತ್ರಿ ಒಲೆ ಉರಿಯಲಿಲ್ಲ. ಒಂದು ಹೊತ್ತಿನ ಹಸಿವು ಇನ್ನೊಬ್ಬರ ಅನ್ನವಾಗಬಲ್ಲದೆಂಬುದು ತಪಸ್ಸುಕಾಲವನ್ನು ಆಚರಿಸುವ ನಮಗೆ ಹೊಸ ಮಾತಲ್ಲ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು ೧೯೧೦ರಿಂದ ಒಂದು ಪದ್ಧತಿಯನ್ನು ನಡೆಸಿಕೊಂಡು ಬಂದಿದ್ದಾರೆ. ಪ್ರತಿ ಸಲ ಅನ್ನಕ್ಕೆ ಎಸರಿಡುವಾಗ ಒಂದು ಹಿಡಿ ಅಕ್ಕಿಯನ್ನು ದೇವರ ಕೆಲಸಕ್ಕೆಂದು ಬೇರೆ ತೆಗೆದಿಡುತ್ತಾರೆ. ನಾವೂ ಲೆಕ್ಕ ಹಾಕೋಣ. ಹಿಡಿಗೆ ೪೦ ಗ್ರಾಂ ಎಂದರೆ ದಿನಕ್ಕೆ ಎರಡು ಹಿಡಿ, ತಿಂಗಳಿಗೆ ೨ ಕಿಲೋ ೪೦೦ ಗ್ರಾಂ. ನೂರು ಮನೆಗಳು ಸೇರಿದರೆ ೨೪೦ ಕಿಲೋ. ತಿಂಗಳಿಗೆ ಹತ್ತು ಕಿಲೋ ಅಕ್ಕಿಯಂತೆ ಇಪ್ಪತ್ತನಾಲ್ಕು ಬಡ ಸಂಸಾರಗಳಿಗೆ ಸಾಕು. ಕೊಟ್ಟ ಮನೆಗಳಲ್ಲಿ ಯಾರೊಬ್ಬರ ಹೊಟ್ಟೆಯೂ ಬರಿದಾಗದು.

೧೮೩೩ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಜನಾಮ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿಯೂ ಅವನ ಕೆಲವು ಗೆಳೆಯರೂ ಸೇರಿ ಬಡವರ ಮನೆಗಳಿಗೆ ತಾವೇ ಹೋಗತೊಡಗಿದರು. ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಕಾಣುವ ಸಂತ ವಿನ್ಸೆಂಟ್ ದೆ ಪೌಲ್ ಸಭೆ ಅಲ್ಲಿ ಹುಟ್ಟಿತು. ಆ ವಿದ್ಯಾರ್ಥಿಗಳು ಶ್ರೀಮಂತರಾಗಿರಲಿಲ್ಲ. ತಮಗೆ ಇದ್ದುದರಲ್ಲಿ ಹಂಚಿಕೊಂಡರು. ಕೊಡುವುದಕ್ಕೆ ಮೊದಲು ಶ್ರೀಮಂತರಾಗಬೇಕೆಂದು ಕಾದಿದ್ದರೆ ಆ ಸಭೆ ಹುಟ್ಟುತ್ತಲೇ ಇರಲಿಲ್ಲ.

ಈ ಶತಮಾನೋತ್ಸವದ ನೆನಪಿಗಾಗಿ ಮೂರು ಸಣ್ಣ ಸಲಹೆಗಳನ್ನು ಧರ್ಮಕೇಂದ್ರದ ಮುಂದಿಡುತ್ತೇನೆ. ಒಂದು: ಪ್ರತಿ ಮನೆಯಲ್ಲೂ ಹಿಡಿ ಅಕ್ಕಿಯ ಡಬ್ಬಿ ಇರಲಿ, ತಿಂಗಳ ಮೊದಲ ಭಾನುವಾರ ಅದು ದೇವಾಲಯಕ್ಕೆ ಬರಲಿ, ಹಂಚಿಕೆಯ ಲೆಕ್ಕವನ್ನು ಸಭೆಗೆ ಓದಿ ಹೇಳಲಿ. ಎರಡು: ದೊಡ್ಡ ಅಡಿಗೆಯ ಪಾತ್ರೆಗಳು, ಲೋಟ ತಟ್ಟೆಗಳು, ಜಮಖಾನೆಗಳ ಒಂದು ಭಂಡಾರ ಧರ್ಮಕೇಂದ್ರದ್ದೇ ಆಗಿರಲಿ; ಯಾವ ಮನೆಯ ಮದುವೆಗೂ ಬಾಡಿಗೆಯಿಲ್ಲದೆ ದೊರೆಯಲಿ. ಊಟವನ್ನು ಧರ್ಮಕೇಂದ್ರದವರೇ ಸೇರಿ ಅಟ್ಟು ಬಡಿಸಲಿ. ಮೂರು: ಪ್ರಥಮ ಪರಮಪ್ರಸಾದದ ಮಕ್ಕಳಿಗೆಲ್ಲ ಒಂದೇ ಬಗೆಯ ಸರಳ ಉಡುಪು, ಒಂದೇ ಸಾಮೂಹಿಕ ಉಪಾಹಾರ ಇರಲಿ. ಕೂಲಿಯವನ ಮಗಳೂ ಅಧಿಕಾರಿಯ ಮಗಳೂ ಒಂದೇ ಪಂಕ್ತಿಯಲ್ಲಿ ಮಂಡಿಯೂರಿದ ಮೇಲೆ ಒಂದೇ ಪಂಕ್ತಿಯಲ್ಲಿ ಉಣ್ಣಲಿ. ಈ ಮೂರನೆಯದಕ್ಕೆ ಉಳ್ಳವರೇ ಮೊದಲು ಒಪ್ಪಬೇಕು. ಇಲ್ಲದವನು ಸರಳವಾಗಿ ನಡೆಸಿದರೆ ಜನ ಅದನ್ನು ಬಡತನವೆನ್ನುತ್ತಾರೆ. ಉಳ್ಳವನು ಸರಳವಾಗಿ ನಡೆಸಿದರೆ ಅದು ಎಲ್ಲರಿಗೂ ದಾರಿಯಾಗುತ್ತದೆ.

ಸಂತ ಪೌಲರು ಫಿಲಿಪ್ಪಿಯರಿಗೆ ಪತ್ರ ಬರೆದದ್ದು ಸೆರೆಮನೆಯಿಂದ. ಕೊರತೆಯಲ್ಲೂ ಸಮೃದ್ಧಿಯಲ್ಲೂ ತೃಪ್ತನಾಗಿರುವುದನ್ನು ತಾವು ಕಲಿತಿರುವುದಾಗಿ ಅವರು ಅಲ್ಲಿ ಹೇಳಿಕೊಳ್ಳುತ್ತಾರೆ. ಕಲಿತೆ ಎನ್ನುತ್ತಾರೆ, ಹುಟ್ಟಿನಿಂದ ಬಂತು ಎನ್ನುವುದಿಲ್ಲ. ತೃಪ್ತಿ ಒಂದು ವಿದ್ಯೆ. ಅದಕ್ಕೆ ಅಭ್ಯಾಸ ಬೇಕು, ಗುರುಗಳು ಬೇಕು. ಮಕ್ಕಳಿಗೆ ಆ ಗುರುಗಳು ನಾವೇ. ಆದರೆ ಯಾವುದರಲ್ಲಿ ತೃಪ್ತರಾಗಬೇಕು, ಯಾವುದರಲ್ಲಿ ಆಗಬಾರದು ಎಂಬುದನ್ನೂ ಅವರಿಗೆ ಕಲಿಸೋಣ. ಉಡುವ ಬಟ್ಟೆಯಲ್ಲಿ, ಉಣ್ಣುವ ಬಗೆಯಲ್ಲಿ, ಮನೆಯ ಅಳತೆಯಲ್ಲಿ ತೃಪ್ತಿ ಇರಲಿ. ಮಗಳ ಓದು ನಿಂತರೆ, ಮುದುಕರ ಔಷಧಿ ತಪ್ಪಿದರೆ, ದುಡಿದವನಿಗೆ ಕೂಲಿ ಸಲ್ಲದಿದ್ದರೆ ಅಲ್ಲಿ ತೃಪ್ತಿ ಬೇಡ. ಅಲ್ಲಿ ಸುಮ್ಮನಿರುವುದು ಸದ್ಗುಣವಲ್ಲ.

ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದಾಗ ಕುರಿಮರಿಯನ್ನು ಕೊಡುವ ಶಕ್ತಿಯಿಲ್ಲದವರಿಗೆ ವಿಧಿಸಿದ್ದ ಜೋಡಿ ಹಕ್ಕಿಗಳ ಕಾಣಿಕೆಯನ್ನು ಕೊಟ್ಟರು. ಸಾಲ ಮಾಡಿ ಕುರಿಮರಿಯನ್ನು ತರಲಿಲ್ಲ. ತಮ್ಮ ಕೈಗೆ ಎಟುಕಿದ್ದನ್ನು ತಲೆಯೆತ್ತಿ ಕೊಟ್ಟರು. ಮುಂದಿನ ನೂರು ವರ್ಷಗಳಲ್ಲಿ ಈ ಧರ್ಮಕೇಂದ್ರದ ಪ್ರತಿಯೊಂದು ಸಂಸಾರವೂ ಹಾಗೆ ತಲೆಯೆತ್ತಿ ಬದುಕಲಿ, ಒಟ್ಟಿಗೆ ಕುಳಿತು ಉಣ್ಣಲಿ, ಉಂಡು ಮಿಕ್ಕದ್ದನ್ನು ಹಂಚಲಿ ಎಂದು ಹಾರೈಸುತ್ತೇನೆ.